ಅವಳ ನಾಲಿಗೆ, ನನ್ನ ಮೂಗು

"ಸ್ವಲ್ಪ ಉಪ್ಪು ನೋಡಿ ಹೇಳ್ತೀರಾ?"

ತಲೆ ಎತ್ತಿದೆ. ಏಪ್ರನ್ ಕಟ್ಟಿಕೊಂಡ ಒಬ್ಬಳು ನನ್ನ ಮೂಲೆ ಟೇಬಲ್ ಪಕ್ಕ ನಿಂತಿದ್ದಳು. ಒಂದು ಕೈಯಲ್ಲಿ ಪುಟ್ಟ ಬಟ್ಟಲು, ಇನ್ನೊಂದರಲ್ಲಿ ಚಮಚ. ಒಲೆಯ ಕಾವಿಗೆ ಮುಖ ಕೆಂಪಾಗಿತ್ತು. ಹಣೆಗೆ ಅಂಟಿದ್ದ ಕೂದಲನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿದಳು. ಅದು ಮತ್ತೆ ಬಿತ್ತು. ಅದನ್ನೇ ಗದರುವ ಹಾಗೆ ಒಂದು ಸಲ ಉಫ್ ಎಂದು ಊದಿದಳು.

"ನಾನಾ?" ಅಂದೆ.

"ಇನ್ಯಾರಿದ್ದಾರೆ ಹೇಳಿ ಇಲ್ಲಿ?"

ನಿಜ. ಮಧ್ಯಾಹ್ನ ಒಂದು ಗಂಟೆ, ಯಾವ ಹೋಟೆಲಿನಲ್ಲೂ ಕಾಲಿಡಲು ಜಾಗವಿಲ್ಲದ ಹೊತ್ತು. ಇಲ್ಲಿ ಹನ್ನೆರಡು ಟೇಬಲ್‌ಗಳಲ್ಲಿ ಹನ್ನೊಂದು ಖಾಲಿ. ಕೌಂಟರಿನಲ್ಲಿದ್ದ ಅವಳ ಸೋದರತ್ತೆ ಪೇಪರ್ ನ್ಯಾಪ್‌ಕಿನ್ ಮಡಚುತ್ತಿದ್ದರು. ಮಡಚಲು ಹೊಸದು ಮುಗಿದಾಗ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದರು.

ಚಮಚ ಬಾಯಿಗಿಟ್ಟೆ. ಈರುಳ್ಳಿ ಸೂಪು. ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಬಾಡಿಸಿ ಕಂದು ಮಾಡಿದ ಈರುಳ್ಳಿ, ಅದರ ಸಿಹಿ, ಅದರ ಬೆನ್ನಿಗೇ ಬರುವ ಕಾಳುಮೆಣಸಿನ ಬಿಸಿ. ಅದು ಗಂಟಲಿಗೆ ಇಳಿಯುವ ಮೊದಲೇ ನನ್ನ ಎದೆ ಕುಸಿಯಿತು. ಯಾಕೆಂದರೆ ಅದು ಚೆನ್ನಾಗಿತ್ತು. ತುಂಬಾ ಚೆನ್ನಾಗಿತ್ತು.

"ಸರಿ ಇದೆ. ತುಂಬಾ ಚೆನ್ನಾಗಿದೆ."

"ಮುಲಾಜಿಗೆ ಹೇಳ್ಬೇಡಿ."

"ಇಲ್ಲ, ನಿಜವಾಗ್ಲೂ. ಆದ್ರೆ ನೀವೇ ರುಚಿ ನೋಡಬಹುದಿತ್ತಲ್ಲ?"

ಆ ಪ್ರಶ್ನೆ ಕೇಳಬಾರದಿತ್ತು. ಅವಳು ನಕ್ಕಳು. "ನನಗೆ ನಾಲಿಗೆ ಇಲ್ಲ ಕಣ್ರೀ. ಪೇಪರಲ್ಲೇ ಬಂದಿದೆ. ಭಾನುವಾರ 'ಮೂರನೇ ಟೇಬಲ್' ಅಂತ ಒಬ್ಬ ಹೋಟೆಲುಗಳ ಬಗ್ಗೆ ಬರೀತಾನಲ್ಲ, ಅವನೇ ಬರೆದಿದ್ದಾನೆ. ಒಲೆ ಮೇಲೇ ಅಂಟಿಸಿಟ್ಟಿದ್ದೀನಿ, ಬೇಕಿದ್ರೆ ಬಂದು ನೋಡಿ."

ಹೋಗಿ ನೋಡುವ ಅಗತ್ಯ ಇರಲಿಲ್ಲ. ಬರೆದವನು ನಾನೇ.

ನನ್ನ ಅಂಕಣಕ್ಕೆ ಒಂದು ನಿಯಮವಿತ್ತು. ಯಾವ ಹೋಟೆಲಿಗೇ ಆಗಲಿ, ಹೆಸರು ಹೇಳದೆ ಮೂರು ಸಲ ಹೋಗಿ, ಮೂರು ಸಲ ಉಂಡ ಮೇಲೆಯೇ ಬರೆಯಬೇಕು. ಅಂಕಣದ ಹೆಸರು ಹುಟ್ಟಿದ್ದೂ ಅಲ್ಲಿಂದಲೇ. ಆರು ವರ್ಷ ಅದನ್ನು ತಪ್ಪಿಸಿರಲಿಲ್ಲ. ಆ ವಾರ ಮಾತ್ರ ಮೈಯಲ್ಲಿ ಹುಷಾರಿರಲಿಲ್ಲ, ಶುಕ್ರವಾರ ಸಂಜೆಯೊಳಗೆ ಬರಹ ಕೊಡಬೇಕಿತ್ತು. ಒಂದೇ ಸಲ ಹೋದೆ. ಬಾಯಿಗೆ ಏನಿಟ್ಟರೂ ಬಿಸಿನೀರಿನ ಹಾಗಿತ್ತು. ಸಿಡುಕಿನಲ್ಲಿ ಮನೆಗೆ ಬಂದು ಬರೆದೆ: "ಮೂರು ಸಲ ಹೋದೆ, ಮೂರು ಸಲವೂ ಸಪ್ಪೆ. ಈ ಅಡುಗೆಮನೆಯಲ್ಲಿ ಎಲ್ಲವೂ ಇದೆ, ಅಡುಗೆ ಮಾಡುವವರಿಗೆ ನಾಲಿಗೆಯೊಂದಿಲ್ಲ."

ಆ ಸಾಲು ಎಲ್ಲರಿಗೂ ಹಿಡಿಸಿತು. ಸಂಪಾದಕರಂತೂ ಫೋನ್ ಮಾಡಿ ಬೆನ್ನು ತಟ್ಟಿದರು.

ಭಾನುವಾರ ಬೆಳಿಗ್ಗೆ ಆ ಪೇಪರನ್ನೇ ಓದುತ್ತಾ ಕಾಫಿ ಕುಡಿಯುತ್ತಿದ್ದೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದು ಲೋಟ ಕಿತ್ತುಕೊಂಡರು. "ಹಾಲು ಸೀದು ಮನೆಯೆಲ್ಲಾ ವಾಸನೆ ಹೊಡೀತಿದೆ, ಸುಮ್ನೆ ಕುಡೀತಿದ್ದೀಯಲ್ಲೋ! ಮೂಗು ಎಲ್ಲಿಟ್ಟಿದ್ದೀಯ?" ನನಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ನೆಗಡಿಯಿಂದ ಮೂಗು ಕಟ್ಟಿ ವಾರವಾಗಿತ್ತು. ಸಪ್ಪೆ ಇದ್ದದ್ದು ಸೂಪಲ್ಲ ಎಂದು ಆಗ ಹೊಳೆಯಿತು. ಅಷ್ಟರಲ್ಲಿ ಪೇಪರು ಮನೆಮನೆಗೆ ಹೋಗಿಯಾಗಿತ್ತು.

ಮೂರು ವಾರದ ನಂತರ ಧೈರ್ಯ ಮಾಡಿ ಬಂದಿದ್ದೆ. ಚೆನ್ನಾಗಿದ್ದರೆ ತಿದ್ದುಪಡಿ ಬರೆಯೋಣ ಅಂದುಕೊಂಡಿದ್ದೆ. ಆದರೆ ತಿದ್ದುಪಡಿ ಬರೆದರೆ ಒಂದೇ ಸಲ ಹೋಗಿದ್ದೆನೆಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಅಂಕಣ ಹೋಗುತ್ತದೆ. ಆ ದಿನ ಅವಳು ಬಟ್ಟಲು ಹಿಡಿದು ನಿಂತಿದ್ದಾಗ ನಾನು ಹೇಡಿಯಾದೆ. ಪ್ರೆಸ್ಸೊಂದರಲ್ಲಿ ಕಾಗುಣಿತ ತಿದ್ದುವ ಕೆಲಸ ನನ್ನದು ಅಂದೆ.

"ಹಾಗಾದ್ರೆ ತಪ್ಪು ಹುಡುಕೋದು ನಿಮಗೆ ಚೆನ್ನಾಗಿ ಬರುತ್ತೆ," ಅಂದಳು. "ನಾಳೆನೂ ಬನ್ನಿ."

ಹೋದೆ. ಅದರ ಮರುದಿನವೂ ಹೋದೆ. ತಪ್ಪಿಗೆ ದಂಡ ಕಟ್ಟುತ್ತಿದ್ದೇನೆ ಅಂತ ಮೊದಲ ತಿಂಗಳು ನನಗೆ ನಾನೇ ಹೇಳಿಕೊಂಡೆ. ಎರಡನೇ ತಿಂಗಳು ಶರ್ಟಿಗೆ ಇಸ್ತ್ರಿ ಹಾಕಿ ಹೋಗತೊಡಗಿದೆ. ದಂಡ ಕಟ್ಟುವವರು ಯಾರಾದರೂ ಇಸ್ತ್ರಿ ಹಾಕುತ್ತಾರೆಯೇ?

ಅತ್ತೆಗೆ ಬೇಗ ವಾಸನೆ ಹತ್ತಿತು. ಅವರ ಮೂಗಿಗೆ ನೆಗಡಿ ಗಿಗಡಿ ಇರಲಿಲ್ಲ. "ಏನಪ್ಪಾ, ನಿಮ್ಮನೇಲಿ ಒಲೆ ಹಚ್ಚಲ್ವಾ?" ಎನ್ನುವರು. ನಾನು ತಡವರಿಸಿದರೆ ಒಳಗೆ ಕೂಗುವರು: "ಪುಟ್ಟೀ, ಮೂಲೆ ಸಾಹೇಬ್ರು ಬಂದ್ರು. ಇವತ್ತು ನೀಲಿ ಶರ್ಟು!"

ಒಳಗಿನಿಂದ ಪಾತ್ರೆ ಬಿದ್ದ ಸದ್ದು ಬರುತ್ತಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ಸೋಮವಾರ ಅವರ ಹೋಟೆಲಿಗೆ ರಜೆ. ಆ ದಿನ ಮಧ್ಯಾಹ್ನ ನಾವಿಬ್ಬರೂ ಬೇರೆಯವರ ಹೋಟೆಲುಗಳಿಗೆ ಹೋಗುವುದು ರೂಢಿಯಾಯಿತು. ಬಸ್ ನಿಲ್ದಾಣದ ಹಿಂದಿನ ನೂಡಲ್ಸ್ ಅಂಗಡಿಯಲ್ಲಿ ಕುರ್ಚಿ ಎಷ್ಟು ಗಿಡ್ಡವೆಂದರೆ, ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಪೋಸ್ಟ್ ಆಫೀಸ್ ಪಕ್ಕದ ಕೆಫೆಯ ಮಾಲೀಕನಿಗೆ ನಗುವುದೆಂದರೆ ಆಗದು, ಆದರೆ ನಿಂಬೆಹಣ್ಣಿನ ಕೇಕ್ ಮಾತ್ರ ಮಗುವಿಗೆ ಕೊಡುವ ಹಾಗೆ ಮೆಲ್ಲಗೆ ತಂದಿಡುತ್ತಿದ್ದ. ಎಲ್ಲಿ ಹೋದರೂ ಅವಳು ಮೆನು ಕಾರ್ಡನ್ನು ನನ್ನ ಕಡೆ ತಳ್ಳುತ್ತಿದ್ದಳು. "ನೀವೇ ಹೇಳಿ. ನಿಮ್ಮ ನಾಲಿಗೆ ನಂಬ್ತೀನಿ ನಾನು."

ನಾನು ಚೆನ್ನಾಗಿದೆ ಅಂದರೆ ಮಾತ್ರ ಅವಳು ತಿನ್ನುವಳು. ಆಗಲೂ ತನಗೆ ಹೇಗನಿಸಿತು ಅಂತ ಹೇಳುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುವಳು.

"ರುಚಿ ನೋಡುವಾಗ ನಿಮ್ಮ ಎಡಗಣ್ಣು ಚಿಕ್ಕದಾಗುತ್ತೆ, ಗೊತ್ತಾ?" ಅಂದಳು ಒಮ್ಮೆ, ಕೇಕ್ ತಟ್ಟೆಯ ಮೇಲೆ ಬಾಗಿ.

"ನೀವು ಕೇಕ್ ತಿನ್ನೋದು ಬಿಟ್ಟು ಕಣ್ಣು ನೋಡ್ತಿದ್ದೀರಾ?"

"ಕೇಕ್ ಎಲ್ಲಿಗೆ ಹೋಗುತ್ತೆ?" ಅಂದಳು. ಅಂದವಳೇ ಕಿಟಕಿಯ ಕಡೆ ತಿರುಗಿದಳು. ಕಿವಿಯ ತುದಿ ಕೆಂಪಾಗಿತ್ತು. ಅಲ್ಲಿ ಒಲೆ ಇರಲಿಲ್ಲ.

ಮೇಜಿನ ಮೇಲೆ ಅವಳ ಕೈ ನನ್ನ ಕೈಗೆ ನಾಲ್ಕು ಬೆರಳು ದೂರದಲ್ಲಿತ್ತು. ಹಿಡಿಯಬಹುದಿತ್ತು, ಅವಳು ಬಿಡಿಸಿಕೊಳ್ಳುತ್ತಿರಲಿಲ್ಲ. ಆದರೆ ಅವಳು ಇಷ್ಟಪಟ್ಟದ್ದು ಕಾಗುಣಿತ ತಿದ್ದುವವನನ್ನು. ಆ ಮನುಷ್ಯ ಇರಲೇ ಇಲ್ಲವಲ್ಲ. ಇಲ್ಲದವನ ಕೈಗೆ ಅವಳ ಕೈ ಹೇಗೆ ಕೊಡಲಿ? ಕಾಫಿಯ ಲೋಟ ಹಿಡಿದುಕೊಂಡೆ. ಇಂದು ಹೇಳುತ್ತೇನೆ, ಮುಂದಿನ ಸೋಮವಾರ ಹೇಳುತ್ತೇನೆ ಅಂತ ಎಂಟು ತಿಂಗಳು ದಾಟಿಸಿದೆ. ಹೋಟೆಲಿಗೆ ಜನ ಮರಳಲೇ ಇಲ್ಲ.

ಒಂದು ಗುರುವಾರ ಊಟದ ಹೊತ್ತು ಮುಗಿದ ಮೇಲೆ ಅವಳು ನನ್ನನ್ನು ಅಡುಗೆಮನೆಗೆ ಕರೆದಳು. ಒಲೆಯ ಮೇಲೆ, ಆಗಲೇ ನಾನು ರುಚಿ ನೋಡಿ ಹೇಳಿದ್ದ ಸಂಜೆಯ ಸೂಪು ಕುದಿಯುತ್ತಿತ್ತು. ಅದರ ಹಿಂದಿನ ಗೋಡೆಯಲ್ಲಿ ನನ್ನ ಅಂಕಣ, ಎಣ್ಣೆ ಹೀರಿ ಹಳದಿಯಾಗಿತ್ತು. ಅವಳು ಏಪ್ರನ್ ಜೇಬಿನಿಂದ ಒಂದು ಪತ್ರ ತೆಗೆದಳು. ದೊಡ್ಡ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ ಕೆಲಸ.

"ಅಲ್ಲಿ ಎಲ್ಲಾ ಪುಸ್ತಕದಲ್ಲಿ ಬರೆದಿಟ್ಟಿರ್ತಾರಂತೆ. ಉಪ್ಪು ಇಷ್ಟು ಗ್ರಾಂ, ಎಣ್ಣೆ ಇಷ್ಟು ಅಂತ. ಯಾರೂ ರುಚಿ ನೋಡೋ ಹಾಗೇ ಇಲ್ಲ," ಅಂದಳು. "ನನಗೆ ಸರಿಹೋಗುತ್ತೆ ಅನ್ಸುತ್ತೆ. ಇವತ್ತು ಸಂಜೆಯೊಳಗೆ ಹೇಳಬೇಕು."

"ಹೋಟೆಲು?"

"ಮುಚ್ಚಬೇಕಾಗುತ್ತೆ." ಸೌಟಿನಿಂದ ಸುಮ್ಮನೆ ಕಲಕಿದಳು. "ಒಂದೇ ಮಾತು ಕೇಳ್ತೀನಿ. ನನ್ನ ಕೈ ಅಡುಗೆ ನಿಜವಾಗ್ಲೂ ಚೆನ್ನಾಗಿದೆಯಾ? ನೀವು ಹೌದು ಅಂದ್ರೆ ಈ ಪತ್ರ ಹರಿದು ಹಾಕ್ತೀನಿ. ನೀವು ಉಳಿ ಅಂದ್ರೆ ಉಳೀತೀನಿ."

ಹೌದು ಅನ್ನುವುದು ಸುಲಭವಿತ್ತು, ನಿಜವೂ ಆಗಿತ್ತು. ಅಂದುಬಿಟ್ಟರೆ ಅವಳು ಉಳಿಯುತ್ತಿದ್ದಳು, ನನ್ನ ಜೊತೆಯೇ ಉಳಿಯುತ್ತಿದ್ದಳು. ಆದರೆ ಜೀವನವಿಡೀ ಚಮಚ ಹಿಡಿದು ನನ್ನ ಮುಖ ನೋಡುತ್ತಾ ನಿಲ್ಲುತ್ತಿದ್ದಳು. ನಾನು ಕಿತ್ತುಕೊಂಡದ್ದನ್ನು ನನ್ನ ಹತ್ತಿರವೇ ದಿನಾ ಬೇಡುವ ಹಾಗೆ. ಅವಳ ಪ್ರೀತಿಗಾಗಿ ಅಷ್ಟು ದೊಡ್ಡ ಕಳ್ಳತನ ನನ್ನಿಂದ ಆಗಲಿಲ್ಲ.

"ಅದನ್ನ ಬರೆದಿದ್ದು ನಾನು," ಅಂದೆ.

"ಯಾವುದನ್ನ?"

ಗೋಡೆಯ ಕಡೆ ಬೆರಳು ತೋರಿಸಿದೆ.

ಅವಳು ಪೇಪರನ್ನು ನೋಡಿದಳು, ನನ್ನನ್ನು ನೋಡಿದಳು. ಆ ಮುಖದಲ್ಲಿ ನಗು ಒಂದು ಕ್ಷಣ ಇತ್ತು, ತಮಾಷೆ ಇರಬಹುದು ಅನ್ನುವ ಹಾಗೆ. ಆಮೇಲೆ ಅದು ಹೋಯಿತು. ಆ ನಗು ಹೋದದ್ದನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

"ನೀನಾ?"

"ಹೂಂ."

"ಮೂರು ಸಲ ಬಂದಿದ್ದೆ ಅಂತ ಬರೆದಿದ್ದೀಯ. ಮೂರು ಸಲವೂ ಸಪ್ಪೆ ಇತ್ತಾ?"

"ಬಂದಿದ್ದು ಒಂದೇ ಸಲ. ಆವತ್ತು ನನಗೆ ನೆಗಡಿ ಆಗಿತ್ತು. ಮೂಗು ಕಟ್ಟಿತ್ತು. ಏನೂ ಗೊತ್ತಾಗ್ತಿರಲಿಲ್ಲ."

"ನೆಗಡಿ," ಅಂದಳು ಅವಳು.

ಬಾಗಿಲಲ್ಲಿ ಅತ್ತೆ ನಿಂತಿದ್ದರು. ಯಾವಾಗ ಬಂದರೋ. "ನೆಗಡಿ ಆದ್ರೆ ಹೊದ್ಕೊಂಡು ಮಲಗಬೇಕಪ್ಪಾ," ಅಂದರು, ಸಿಟ್ಟಿಲ್ಲದ ದನಿಯಲ್ಲಿ. "ಪೇಪರಲ್ಲಿ ಬರೀಬಾರದು." ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು.

ಅವಳು ಅಳಲಿಲ್ಲ. ಮೇಜಿನ ಮೇಲಿನ ಚಮಚ ತೆಗೆದುಕೊಂಡಳು, ಕುದಿಯುವ ಸೂಪಿನಲ್ಲಿ ಅದ್ದಿ, ಊದಿ, ಬಾಯಿಗಿಟ್ಟಳು. ಎಂಟು ತಿಂಗಳಲ್ಲಿ ಮೊದಲ ಸಲ ತನ್ನ ಅಡುಗೆಯ ರುಚಿ ತಾನೇ ನೋಡಿದಳು. ಕಣ್ಣು ಮುಚ್ಚಿದಳು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಕಾಳುಮೆಣಸು ಕಡಿಮೆ," ಅಂದಳು ಕೊನೆಗೆ. "ಅರ್ಧ ಗಂಟೆ ಹಿಂದೆ ಕೊಟ್ಟಾಗ ನೀನು ಸರಿ ಇದೆ ಅಂದಿದ್ದೆ."

"ನನಗೆ ಸರಿ ಅನ್ನಿಸಿತ್ತು."

"ಇಷ್ಟು ದಿನ ಈ ನಾಲಿಗೆ ನಂಬ್ಕೊಂಡು ಅಡುಗೆ ಮಾಡಿದೆನಲ್ಲ!" ಡಬ್ಬಿ ತೆಗೆದು ಕಾಳುಮೆಣಸಿನ ಪುಡಿ ಹಾಕಿದಳು. ಅಳತೆ ತಪ್ಪಲಿಲ್ಲ. "ಹೋಗು. ನಾನು ಕೆಟ್ಟ ಮಾತು ಆಡೋ ಮೊದಲು ಹೋಗು."

ಹೋದೆ.

ಸಂಪಾದಕರು ನಾನು ಬರೆದುಕೊಟ್ಟ ತಪ್ಪೊಪ್ಪಿಗೆಯನ್ನು ಮೊದಲಿದ್ದ ಜಾಗದಲ್ಲೇ, ಅದೇ ಅಳತೆಯಲ್ಲಿ ಹಾಕಿದರು. ಅದರ ಕೆಳಗೆ ಅಂಕಣ ನಿಂತಿದೆ ಅಂತಲೂ ಹಾಕಿದರು. ನಂತರ ನನಗೆ ರಸ್ತೆ ರಿಪೇರಿ ಮತ್ತು ನೀರಿನ ಪೈಪಿನ ಸುದ್ದಿ ಬರೆಯುವ ಕೆಲಸ ಬಿತ್ತು. ಬೇಜಾರಾಗಲಿಲ್ಲ. ಪೈಪು ಒಡೆದಿದೆ ಅಂತ ಬರೆಯಲು ಮೂಗು ಬೇಕಾಗಿಲ್ಲ.

ಅವಳು ಫ್ಯಾಕ್ಟರಿಯ ಕೆಲಸಕ್ಕೆ ಹೋಗಲಿಲ್ಲ. ಅದು ನನಗೆ ಗೊತ್ತಾದದ್ದು ಎದುರಿನ ಫುಟ್‌ಪಾತಿನಿಂದ. ದಿನಾ ಮಧ್ಯಾಹ್ನ ಅಲ್ಲಿ ನಿಂತು ಬಾಗಿಲು ನೋಡುತ್ತಿದ್ದೆ. ಮೊದಲು ಒಬ್ಬಿಬ್ಬರು ಒಳಗೆ ಹೋದರು, ಆಮೇಲೆ ಕುಟುಂಬಗಳು ಬಂದವು. ಒಂದು ದಿನ ಬಾಗಿಲ ಹೊರಗೂ ಜನ ಕಾಯುತ್ತಿದ್ದರು. ಖುಷಿಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು. ಎಂಟು ತಿಂಗಳು ಮೊದಲೇ ಈ ಬಾಗಿಲು ಹೀಗಿರಬಹುದಿತ್ತು. ಒಳಗೆ ಹೋಗಲು ನನಗೆ ಮುಖವಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಸೋಮವಾರ, ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಬ್ಬನೇ ಕೂತು ಬೇಯಿಸಿದ ಆಲೂಗಡ್ಡೆ ಮುಂದಿಟ್ಟುಕೊಂಡಿದ್ದೆ. ಎದುರಿನ ಕುರ್ಚಿ ಸರಿಯಿತು. ಅವಳು ಕೂತಳು. ನನ್ನ ಕೈಯಿಂದ ಫೋರ್ಕ್ ತೆಗೆದುಕೊಂಡು ಆಲೂಗಡ್ಡೆಯ ಒಂದು ತುಂಡು ತಿಂದು ಮುಖ ಸಿಂಡರಿಸಿದಳು.

"ಬೇಯಿಸಿ ಒಂದು ದಿನ ಆಗಿದೆ ಇದು. ಇದನ್ನ ಹೇಗೆ ತಿಂತೀಯ?"

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

"ದಿನಾ ಎದುರುಗಡೆ ನಿಂತಿರ್ತೀಯಂತೆ. ಪೊಲೀಸ್ ಥರ ಕಾಣ್ತಾನೆ, ಗಿರಾಕಿಗಳು ಹೆದರ್ತಾರೆ ಅಂತಾರೆ ಅತ್ತೆ."

"ಇನ್ನು ಬರಲ್ಲ."

"ಬರಬೇಡ ಅಂದ್ನಾ ನಾನು?"

ಪಕ್ಕದ ಟೇಬಲಿನಲ್ಲಿ ಯಾರೋ ಚಮಚ ಬೀಳಿಸಿದರು. ನಾನು ಕೇಳಿಯೇಬಿಟ್ಟೆ. "ಕ್ಷಮಿಸಿದ್ದೀಯಾ?"

"ಇಲ್ಲ." ತಡ ಮಾಡದೆ ಹೇಳಿದಳು. "ಪ್ರಯತ್ನ ಮಾಡಿದೆ, ಆಗ್ತಿಲ್ಲ. ಬೆಳಿಗ್ಗೆ ಒಲೆ ಹಚ್ಚಿದ ಕೂಡ್ಲೇ ಸಿಟ್ಟು ಬರುತ್ತೆ. ಮಧ್ಯಾಹ್ನ ಆ ಮೂಲೆ ಟೇಬಲಲ್ಲಿ ಬೇರೆ ಯಾರಾದ್ರೂ ಕೂತ್ರೆ ಅವರ ಮೇಲೂ ಸಿಟ್ಟು ಬರುತ್ತೆ. ಒಬ್ಬಳೇ ಎಷ್ಟು ದಿನ ಇಟ್ಕೊಂಡಿರಲಿ ಇದನ್ನೆಲ್ಲ?"

"ನಾನೇನು ಮಾಡಲಿ ಹೇಳು. ಏನು ಹೇಳಿದ್ರೂ ಮಾಡ್ತೀನಿ."

"ಒಳಗೆ ಬಂದು ಕೂತ್ಕೋ. ನನ್ನ ಸಿಟ್ಟು ಎದುರಿಗೇ ಕೂತು ಅನುಭವಿಸು."

"ಎಷ್ಟು ದಿನ?"

"ಅದು ಹೋಗೋವರೆಗೂ."

"ಹೋದ ಮೇಲೆ?"

ಅವಳು ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡಳು. ನನ್ನನ್ನು ನೇರವಾಗಿ ನೋಡಿದಳು. ಕಣ್ಣಲ್ಲಿ ಸಿಟ್ಟು ಹಾಗೇ ಇತ್ತು, ನೀರೂ ಇತ್ತು.

"ಹೋದ ಮೇಲೆ, ಗಂಡ ಹೆಂಡತಿ ಜಗಳ ಆಡೋಕೆ ಬೇರೆ ಏನಾದ್ರೂ ಕಾರಣ ಹುಡುಕಿಕೊಳ್ಳೋಣ," ಅಂದಳು.