ಮುಂದಿನ ವಾರ ಬನ್ನಿ

"ಡಾಕ್ಟ್ರೇ, ನಮ್ಮ ಪೇಶಂಟ್ ಹೇಗಿದೆ?"

ಆರು ವಾರದಿಂದ ಅವಳು ಇದನ್ನೇ ಕೇಳಿಕೊಂಡು ಒಳಗೆ ಬರುತ್ತಿದ್ದಳು. ಹಳೇ ಡಿಸ್ಕ್‌ಗಳಲ್ಲಿರುವ ವಿಡಿಯೋ ತೆಗೆದು ಕಂಪ್ಯೂಟರ್‌ಗೆ ಹಾಕಿಕೊಡುವ ಅವನು ಇಡೀ ಬೀದಿಗೆ ಡಿಸ್ಕ್ ಡಾಕ್ಟ್ರು. ಅವಳಿಗೆ ತಿರುವಿನಾಚೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ. ಪೇಶಂಟ್ ಎಂದರೆ ಅವಳು ಕೊಟ್ಟಿದ್ದ ಒಂದು ಬ್ಲೂ-ರೇ ಡಿಸ್ಕ್. ತೀರಿಕೊಳ್ಳುವ ಮೊದಲು ಅವಳಮ್ಮ ಕ್ಯಾಮೆರಾ ಮುಂದೆ ಕೂತು ಮಾತಾಡಿದ ಒಂದೂವರೆ ಗಂಟೆ ಅದರಲ್ಲಿತ್ತು. ಬೇರೆ ಕಾಪಿ ಎಲ್ಲೂ ಇರಲಿಲ್ಲ.

"ಕೊನೇ ನಾಲ್ಕು ನಿಮಿಷ ನನಗೇ ಅಂತ ಅಮ್ಮ ಮೊದಲೇ ಹೇಳಿದ್ಲು," ಎಂದಿದ್ದಳು ಮೊದಲ ದಿನ. "ಇನ್ನೂ ನೋಡಿಲ್ಲ, ಧೈರ್ಯ ಸಾಲ್ತಿಲ್ಲ. ಹಾಳಾಗೋ ಮೊದಲು ಕಾಪಿ ಮಾಡಿಕೊಡಿ, ನಿಧಾನಕ್ಕೆ ನೋಡ್ತೀನಿ. ಎಲ್ಲಾ ಮೊಬೈಲ್‌ನಲ್ಲೇ ಸಿಗುತ್ತೆ, ಡಿಸ್ಕ್ ಯಾರಿಗೆ ಬೇಕು ಅಂತಾರೆ ಎಲ್ರೂ."

"ಸಿನಿಮಾ ಸಿಗುತ್ತೆ ಮೇಡಂ. ನಿಮ್ಮಮ್ಮ ಸಿಗಲ್ಲ."

ಆಗ ಅವಳು ನೋಡಿದ ನೋಟವಿದೆಯಲ್ಲ, ಅಲ್ಲೇ ಅವನ ಬುದ್ಧಿ ಮಂಕಾಯಿತು. ಅರ್ಧ ದಿನದ ಕೆಲಸಕ್ಕೆ, "ಮುಂದಿನ ವಾರ ಬನ್ನಿ," ಎಂದುಬಿಟ್ಟ.

ಬಂದಳು. ಡ್ರೈವ್ ಸರಿಯಾಗಿ ಓದುತ್ತಿಲ್ಲ ಎಂದ.

"ಅದಕ್ಕೂ ಕಣ್ಣು ಮಂಜಾಗಿದೆಯಾ? ಕರ್ಕೊಂಡ್ಬನ್ನಿ, ನಂಬರ್ ನೋಡೋಣ," ಎಂದು ನಕ್ಕು, ಅವನ ಕನ್ನಡಕವನ್ನೇ ತೆಗೆದು ಬಟ್ಟೆಯಿಂದ ಒರೆಸಿ, ತಾನೇ ಅವನ ಮೂಗಿನ ಮೇಲೆ ಕೂರಿಸಿದಳು. ಅಷ್ಟು ಹತ್ತಿರದಿಂದ ಅವಳನ್ನು ಅವನು ನೋಡಿರಲಿಲ್ಲ.

ಆಮೇಲೆ ಕುಂಟುನೆಪಗಳಿಗೆ ಬರವೇ? ಕೇಬಲ್ ಬರಬೇಕು, ಸಾಫ್ಟ್‌ವೇರ್ ಬದಲಾಗಬೇಕು. ಡಿಸ್ಕ್ ಮಾತ್ರ ಕಿಟಕಿಯ ಬಳಿಯ ಸ್ಟ್ಯಾಂಡಿನಲ್ಲಿ ಕೂತಿತ್ತು. ಅವಳು ತಿರುವಿನಲ್ಲಿ ಬರುವುದು ಕಾಣಲೆಂದು ಅವನು ತನ್ನ ಮೇಜನ್ನೇ ಅಲ್ಲಿಗೆ ಎಳೆದುಕೊಂಡಿದ್ದ. ಮಧ್ಯಾಹ್ನದ ಬಿಸಿಲು ನೇರ ಅಲ್ಲಿಗೇ ಬೀಳುತ್ತಿತ್ತು. ಡಿಸ್ಕ್‌ಗಳನ್ನು ಬಿಸಿಲಲ್ಲಿಡಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ಡಾಕ್ಟ್ರು!

ನಿನ್ನೆ ಕೊನೆಗೂ ಕಾಪಿ ಮಾಡಲು ಡ್ರೈವಿಗೆ ಹಾಕಿದ. ಡ್ರೈವ್ ಓದುವುದು ಒಳಸುತ್ತಿನಿಂದ ಹೊರಕ್ಕೆ. ಈ ಡಿಸ್ಕ್ ಹಾಳಾಗಿದ್ದು ಹೊರ ಅಂಚಿನಿಂದ ಒಳಕ್ಕೆ. ತೊಂಬತ್ತೈದು ಪರ್ಸೆಂಟಿಗೆ ನಿಂತಿತು. ಒರೆಸಿದ, ನಿಧಾನಕ್ಕೆ ಓಡಿಸಿದ, ಗೆಳೆಯನ ಡ್ರೈವ್ ತಂದು ಹಾಕಿದ. ಅಲ್ಲೇ ನಿಂತಿತು.

"ಹೇಳಿ ಡಾಕ್ಟ್ರೇ, ಮುಂದಿನ ವಾರಾನಾ?" ಇವತ್ತೂ ಅವಳ ಕಣ್ಣಲ್ಲಿ ತುಂಟತನವಿತ್ತು.

"ಇಲ್ಲ." ಅವನು ಪೆನ್‌ಡ್ರೈವ್ ಮುಂದೆ ಸರಿಸಿದ. "ಕೊನೇ ನಾಲ್ಕು ನಿಮಿಷ ಬಿಟ್ಟು ಎಲ್ಲಾ ಇದೆ. ಅದು ಹೋಯ್ತು. ಮೊದಲ ದಿನ ಚೆನ್ನಾಗೇ ಇತ್ತು. ಕಾಪಿ ಕೊಟ್ಟರೆ ನೀವು ಮತ್ತೆ ಬರಲ್ವಲ್ಲ ಅಂತ ನಾನೇ ಮಾಡ್ಲಿಲ್ಲ. ನೀವಂದ್ರೆ ನನಗೆ... ತುಂಬಾ ಇಷ್ಟ."

ಇಷ್ಟು ದಿನ ಗಂಟಲಲ್ಲೇ ಉಳಿದಿದ್ದ ಮಾತು ಹೊರಬರಲು ಇಂಥ ದಿನವನ್ನೇ ಹುಡುಕಿಕೊಂಡಿತು. ಅವನಿಗೆ ತಲೆ ಎತ್ತಲಾಗಲಿಲ್ಲ.

ಅವಳು ಕುರ್ಚಿಯಲ್ಲಿ ಕುಸಿದಳು. "ನೀವು ಬೇಕಂತಲೇ ಎಳೀತಿದೀರ ಅಂತ ನನಗೆ ಗೊತ್ತಿತ್ತು," ಎಂದಳು. "ನಾನೂ ಸುಮ್ನಿದ್ದೆ. ಇಲ್ಲಿಗೆ ಬರೋಕೆ ನನಗೂ ಒಂದು ನೆಪ ಬೇಕಿತ್ತು."

ಅದು ಕೇಳಿ ಅವನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

"ಮೊದಲ ದಿನ ಚೆನ್ನಾಗಿತ್ತು ಅಂತ ನಿಮಗೆ ಹೇಗೆ ಗೊತ್ತು?"

"ಹಳೇ ಡಿಸ್ಕ್ ಬಂದ್ರೆ ಮೊದಲು ಕೊನೇ ಭಾಗ ಹಾಕಿ ನೋಡ್ತೀನಿ, ಅಂಚು ಹೇಗಿದೆ ಅಂತ. ಅಮ್ಮ ಏನೋ ಹೇಳೋಕೆ ಶುರು ಮಾಡಿದ್ರು. ಬೇರೆಯವರ ಮನೆ ಮಾತು ಕೇಳಬಾರದು ಅಂತ ನಿಲ್ಲಿಸ್ಬಿಟ್ಟೆ."

"ಏನಂದ್ಲು ಅಮ್ಮ?"

"'ಚಿನ್ನೀ, ಇದನ್ನ ನೋಡೋಕೆ ನೀನು ತಡ ಮಾಡ್ತೀಯ ಅಂತ ನಂಗೊತ್ತು ಕಣೆ. ಪರವಾಗಿಲ್ಲ. ಈಗ ಕೇಳು...'"

"ಆಮೇಲೆ?"

"ಅಷ್ಟೇ ನಾನು ಕೇಳಿದ್ದು."

ಅವಳ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು. "ಇನ್ನೊಂದ್ಸಲ ಹೇಳಿ." ಹೇಳಿದ. "ಇನ್ನೊಂದ್ಸಲ." ಮೂರನೇ ಸಲಕ್ಕೆ 'ಈಗ ಕೇಳು' ಎನ್ನುವಲ್ಲಿ ಅವನ ದನಿ ಒಡೆಯಿತು.

ಅವಳು ಪೆನ್‌ಡ್ರೈವನ್ನೂ ಡಿಸ್ಕನ್ನೂ ಬ್ಯಾಗಿಗೆ ಹಾಕಿಕೊಂಡು ಎದ್ದಳು. ಬಾಗಿಲಲ್ಲಿ ಅಭ್ಯಾಸಬಲದಿಂದ, "ಹಾಗಾದ್ರೆ ಮುಂದಿನ ವಾರ..." ಎಂದು ತಿರುಗಿದವಳು ಅಲ್ಲಿಗೇ ಬಾಯಿ ಮುಚ್ಚಿದಳು.

ಅವಳು ತಿರುವು ದಾಟುವವರೆಗೂ ಅವನು ಕಿಟಕಿಯಲ್ಲಿ ನಿಂತಿದ್ದ. ಅವಳು ಹಿಂತಿರುಗಿ ನೋಡಲಿಲ್ಲ.