ಅಣ್ಣನ ಹೆಸರಿನ ಜಾಡಿ

ಊಟಕ್ಕೆ ಮುಂಚೆ ಇದನ್ನು ಓದುವವರು ಕ್ಷಮಿಸಬೇಕು. ಹೇಳಬಾರದ್ದನ್ನು ಹೇಳುತ್ತಿದ್ದೇನೋ ಎಂಬ ಅಳುಕು ನನಗೂ ಇದೆ.

ಚಿಕ್ಕಬೈರಪ್ಪನು ಸರ್ಕಾರಿ ಆಸ್ಪತ್ರೆಯ ಶವಾಗಾರದಲ್ಲಿ ಹೆಣ ಕೊಯ್ಯುವ ಕೆಲಸಕ್ಕೆ ಸೇರಿ, 1958ರ ಬೇಸಿಗೆಗೆ, ಒಂಬತ್ತು ವರ್ಷ. ಬ್ಯಾಟರಾಯನಪುರದಲ್ಲಿ ಅಣ್ಣ ದೊಡ್ಡಮುನಿಯಪ್ಪ ಅವನನ್ನು ಹೊಸಿಲು ದಾಟಗೊಡುತ್ತಿರಲಿಲ್ಲ. ಅವನ ಊಟ ಜಗಲಿಯಲ್ಲಿ; ಮುದ್ದೆ ಎತ್ತರದಿಂದ ಎಲೆಗೆ ಬೀಳುತ್ತಿತ್ತು.

"ಎಣ ಕುಯ್ಯೋ ಕೈ ಕಣ್ಲಾ ಅದು! ಒಲದಾಗೆ ಪಾಲು ಬೇರೆ ಬೇಕಾ? ಓಗು, ಎಣದ ತಾವ ಕೇಳು."

ಅಣ್ಣ ಹೀಗೆಂದ ದಿನ ಊಟಕ್ಕೆ ಬಂದಿದ್ದ ನೆಂಟರು ನಕ್ಕರು. ಅವನು ಆ ಮುದ್ದೆಯನ್ನು ನಾಯಿಗೆ ಹಾಕಿ ಎದ್ದ. ಎದ್ದಾಗಲೇ ನಿರ್ಧಾರವೂ ಆಗಿತ್ತು.

ಅಣ್ಣನಿಗೆ ಪಾಷಾಣ ಹಾಕಿದರೆ ಹೊಟ್ಟೆ ಬಾಯಿ ಬಿಡುತ್ತದೆ. ಹೊಟ್ಟೆಯನ್ನೇ ಬದಲಿಸಿದರೆ? ಡಾಕ್ಟರ್ ಸೇತುರಾಮರಿಗೆ ಹೆಣವೆಂದರೆ ವಾಕರಿಕೆ. ಮೂಗಿಗೆ ಅತ್ತರಿನ ಕರ್ಚೀಫು ಒತ್ತಿಕೊಂಡು ಕಿಟಕಿಯಾಚೆ ನೋಡುತ್ತ ನಿಲ್ಲುವರು. ಕೊಯ್ಯುವವನು, ರಸಾಯನ ಪರೀಕ್ಷೆಗೆ ಕಳಿಸುವ ಉಪ್ಪುನೀರಿನ ಜಾಡಿಗೆ ಹೊಟ್ಟೆ ಕರುಳು ತುಂಬುವವನು ಇವನೇ. ಅವರದು ಬರೀ ರುಜು.

ದಿಕ್ಕಿಲ್ಲದ ಹೆಣವೊಂದು ಬರುವವರೆಗೆ ಚಿಕ್ಕಬೈರಪ್ಪ ಕಾದ. ಯಶವಂತಪುರ ಸ್ಟೇಷನ್ನಿನಲ್ಲಿ ಸತ್ತ ಮುದುಕನೊಬ್ಬ ಬಂದ. ಡಾಕ್ಟರು ಬಾಗಿಲಲ್ಲೇ ನಿಂತು 'ಹೃದಯ ನಿಂತು ಸಾವು' ಎಂದು ಬರೆದು ಹೋದರು. ಆ ಮಧ್ಯಾಹ್ನವೇ ಅಣ್ಣನ ಹೊಲದ ಬಾವಿಯ ಬಳಿ ಇದ್ದ ಮಜ್ಜಿಗೆ ಮಡಕೆಗೆ ಪಾಷಾಣ ಬಿತ್ತು.

ಮಾರನೆಯ ದಿನ ಅಣ್ಣ ಶವಾಗಾರದ ಕಲ್ಲಿನ ಮೇಲಿದ್ದ. ಅತ್ತ ಠಾಣೆಯಲ್ಲಿ ಅತ್ತಿಗೆ ಸೊಣ್ಣಮ್ಮ ಪೊಲೀಸರ ಮುಂದೆ ಕಿರುಚುತ್ತಿದ್ದಳು: "ಮಡಕೆ ತಾವ ಇವನೇ ನಿಂತಿದ್ದ, ನನ್ ಕಣ್ಣಾರೆ ಕಂಡಿವ್ನಿ!" ಕಿರುಚಲಿ. ವಿಷ ಸಿಗದೆ ಅವಳ ಮಾತಿಗೆ ಬೆಲೆಯೆಲ್ಲಿ?

"ಸ್ವಂತ ಅಣ್ಣನ್ನ ನೀನೇ ಕುಯ್ತೀಯೇನಯ್ಯಾ?" ಎಂದರು ಡಾಕ್ಟರು.

"ಬ್ಯಾರೇರ ಕೈ ತಾಗೋದ್ ಬ್ಯಾಡ ಸ್ವಾಮಿ."

ಅವರು ಅದೇ ಕರ್ಚೀಫಿನಿಂದ ಕಣ್ಣೊರೆಸಿಕೊಂಡು ಕಿಟಕಿಗೆ ತಿರುಗಿದರು.

ಕೊಯ್ದು ನೋಡಿದರೆ ಮಡಿವಂತ ಅಣ್ಣನೂ ಎಲ್ಲರಂತೆಯೇ ನಾರುತ್ತಿದ್ದ. ಮುದುಕನ ಹೊಟ್ಟೆ ಅಣ್ಣನ ಹೆಸರಿನ ಜಾಡಿಗೆ ಹೋಯಿತು. ಅಣ್ಣನದನ್ನು ಮುದುಕನೊಳಗೆ ತುರುಕಿ ಹೊಲಿದ. ಸಂಜೆಗೆ ಮುದುಕ ಮಣ್ಣಾದ.

ಮೂರು ವಾರಕ್ಕೆ ರಸಾಯನ ಪರೀಕ್ಷೆಯ ವರದಿಯೂ ಬಂತು, ಬೇಡಿ ಹಿಡಿದ ಇನ್ಸ್‌ಪೆಕ್ಟರೂ ಬಂದರು. ಜಾಡಿಯಲ್ಲಿ ಸಿಕ್ಕಿದ್ದು ಅರೆದ ಉಮ್ಮತ್ತಿ ಬೀಜದ ವಿಷ. ಚಿಕ್ಕಬೈರಪ್ಪ ಉಮ್ಮತ್ತಿಯನ್ನು ಮುಟ್ಟಿಯೇ ಇರಲಿಲ್ಲ. ಆದರೆ 'ಅದು ಅಣ್ಣನ ಹೊಟ್ಟೆಯಲ್ಲ ಸ್ವಾಮಿ' ಎಂದು ಹೇಳುವುದು ಹೇಗೆ? ಡಾಕ್ಟರು ಏನನ್ನೂ ನೋಡುವುದಿಲ್ಲ ಎಂಬುದನ್ನೇ ನಂಬಿ ಹೊರಟವನು, ಮುದುಕನ ವಿಷಯದಲ್ಲಿ ಅದೇ ಡಾಕ್ಟರು ಬರೆದದ್ದನ್ನು ನಿಜವೆಂದುಕೊಂಡಿದ್ದ. ರೈಲಿನಲ್ಲೋ ಸ್ಟೇಷನ್ನಿನಲ್ಲೋ ಆ ಮುದುಕನಿಗೆ ಉಮ್ಮತ್ತಿ ತಿನ್ನಿಸಿದವರು ಯಾರು, ಯಾಕೆ, ನನಗೆ ಗೊತ್ತಿಲ್ಲ.