ಸೀಳುಗೆನ್ನೆಯ ಹೊನ್ನಿಯೂ ಮೂವರು ಓದುಗರೂ

ಬಹಳ ಬಹಳ ಹಿಂದೆ, ನನ್ನ ಅಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಏಕವಾಣಿಪುರ ಎಂಬ ರಾಜ್ಯವಿತ್ತು. ಅಲ್ಲಿ ರಾಜನೂ ಇದ್ದ, ಹೆಸರಿಗೆ. ಆಳುತ್ತಿದ್ದವನು ಅವನ ಗುರು, ಕಂಕಾಳಯ್ಯನೆಂಬ ಮಾಂತ್ರಿಕ.

ಈ ಕಂಕಾಳಯ್ಯ ಪ್ರಾಯದಲ್ಲಿ ಒಂದು ಪುಸ್ತಕ ಬರೆದಿದ್ದನಂತೆ. ಓದಿದವರಲ್ಲಿ ಒಬ್ಬ ಚೆನ್ನಾಗಿದೆ ಎಂದ, ಒಬ್ಬ ನಕ್ಕ, ಇನ್ನೊಬ್ಬ ಅರ್ಧಕ್ಕೇ ನಿದ್ದೆ ಹೋದ. ಬೇರೆ ಯಾರಾದರೂ ಆಗಿದ್ದರೆ ಎರಡು ದಿನ ಮುಖ ಊದಿಸಿಕೊಂಡಿದ್ದು ಸುಮ್ಮನಾಗುತ್ತಿದ್ದರು. ಇವನು ಕಾಡಿಗೆ ಹೋಗಿ ಮಾಟ ಕಲಿತು ಬಂದ. ಬಂದವನೇ ಸಿಂಹಾಸನದ ಪಕ್ಕದ ದೀಪದ ಮೇಲೆ ಕೈಯಿಟ್ಟು ಕಟ್ಟಳೆ ಹಾಕಿದ.

"ಮೂರು ಬಾಯಿ, ಒಂದೇ ಮಾತು! ಈ ರಾಜ್ಯದಲ್ಲಿ ಯಾರೇ ಮೊದಲ ಪುಸ್ತಕ ಬರೆದರೂ ನನ್ನ ಮೂವರು ಓದುಗರಿಗೆ ಓದಿ ಹೇಳಬೇಕು. ಆ ಮೂವರ ಬಾಯಲ್ಲೂ ಒಂದೇ ಮಾತು ಹೊರಡಬೇಕು. ಹೊರಡದಿದ್ದರೆ ಬರೆದವರು ಕಲ್ಲಾಗಲಿ. ಹೊರಟದ್ದೇ ಆದರೆ ನಾನೇ ಕಲ್ಲಾಗುತ್ತೇನೆ."

ಅಷ್ಟು ಧೈರ್ಯವಾಗಿ ಆಣೆಯಿಟ್ಟನಲ್ಲ, ಯಾಕೆ? ಮೂರು ಜನ ಒಂದೇ ಪುಸ್ತಕವನ್ನು ಒಂದೇ ಥರ ಓದುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ನೋವಿನಿಂದಲೇ ಅಲ್ಲವೇ ಅವನು ಹಾಳಾದದ್ದು!

ತೀರ್ಪು ನಡೆಯುವ ಓದುಮಂಟಪದ ಅಂಗಳದಲ್ಲಿ ಕಲ್ಲಾದವರು ಸಾಲಾಗಿ ನಿಂತಿದ್ದರು. ಒಬ್ಬ ಏನನ್ನೋ ವಿವರಿಸುವಂತೆ ಕೈ ಎತ್ತಿದ್ದ. ಒಬ್ಬಳು ಓಲೆಯ ಕಟ್ಟನ್ನು ಎದೆಗೊತ್ತಿಕೊಂಡಿದ್ದಳು. ಅಲ್ಲಿಂದ ಹಾದುಹೋಗುವ ಜನ ತಲೆ ಎತ್ತುತ್ತಿರಲಿಲ್ಲ. ನಲವತ್ತು ವರ್ಷಗಳಿಂದ ಆ ರಾಜ್ಯದಲ್ಲಿ ಇದ್ದದ್ದು ಒಂದೇ ಪುಸ್ತಕ, ಕಂಕಾಳಯ್ಯನದು. ಅದನ್ನು ಕಂಡಾಗಲೆಲ್ಲ ಎಲ್ಲರೂ "ಅದ್ಭುತ" ಎನ್ನಬೇಕಿತ್ತು, ಅನ್ನುತ್ತಿದ್ದರು.

ಆ ಊರಿನಲ್ಲಿ ಮಾಚಲೆ ಎಂಬ ಹುಡುಗಿಯಿದ್ದಳು. ತಾಳೆಗರಿಗಳನ್ನು ಬೇಯಿಸಿ, ಒಣಗಿಸಿ, ಉಜ್ಜಿ ನಯಮಾಡಿ ಅರಮನೆಯ ಲೆಕ್ಕದವರಿಗೆ ಕೊಡುವುದು ಅವಳ ಕಸುಬು. ಖಾಲಿ ಗರಿಗಳನ್ನು ದಿನವೂ ಮುಟ್ಟುವವಳಿಗೆ ಕೈ ಸುಮ್ಮನಿರುತ್ತದೆಯೇ? ಕದ್ದುಮುಚ್ಚಿ ಒಂದು ಕತೆ ಬರೆಯತೊಡಗಿದಳು. ಕಲ್ಲುಕೋಟೆಯ ಒಡೆಯನಿಗೆ ಕೈಮುಗಿಯಲಿಲ್ಲ ಎಂಬ ತಪ್ಪಿಗೆ ಕಿವಿಯಿಂದ ತುಟಿಯವರೆಗೆ ಕೆನ್ನೆ ಸೀಳಿಸಿಕೊಂಡ ಹೊನ್ನಿ ಎಂಬವಳ ಕತೆ. ಹೊನ್ನಿ ಏಳು ಬೆಟ್ಟ ದಾಟಿ ಆ ಒಡೆಯನನ್ನು ಹುಡುಕಿ ಹೊರಡುತ್ತಾಳೆ. ಮೂವತ್ತೊಂಬತ್ತು ಗರಿ ಆಗಿತ್ತು. ಹೊನ್ನಿ ಕೋಟೆಯ ಬಾಗಿಲಿಗೆ ಬಂದಿದ್ದಳು. ಕೊನೆಯ ಗರಿ ಒಂದೇ ಬಾಕಿ.

ಓಲೆಯ ಮೇಲೆ ಕಬ್ಬಿಣದ ಲೇಖನಿಯಿಂದ ಕೊರೆದರೆ ಅಕ್ಷರ ಕಣ್ಣಿಗೆ ಕಾಣುವುದಿಲ್ಲ. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಬೆರಳಿಂದ ತಿಕ್ಕಿದರೆ ಆಗ ಕಾಣುತ್ತದೆ. ಆ ಕಪ್ಪು ಉಗುರಿನ ಸಂದಿಗೆ ಸೇರಿದರೆ ವಾರವಾದರೂ ಹೋಗದು. ಇದು ಕಂಕಾಳಯ್ಯನಿಗೂ ಗೊತ್ತಿತ್ತು. ಸಂತೆಯ ಬಾಗಿಲಲ್ಲಿ ಅವನ ಭಟರು ಹೋಗಿಬರುವವರ ಬೆರಳು ನೋಡುತ್ತಿದ್ದರು.

"ಕೈ ತೋರಿಸಮ್ಮ."

ಮಾಚಲೆ ಅರಿಶಿನ ಹಚ್ಚಿಕೊಂಡು ಬಂದಿದ್ದಳು. ಭಟ ಅವಳ ಉಗುರನ್ನು ತನ್ನ ಪಂಚೆಗೆ ತಿಕ್ಕಿದ. ಹಳದಿ ಹೋಯಿತು, ಕಪ್ಪು ಉಳಿಯಿತು. ಅವಳನ್ನು ಹಿಡಿದು, ಮನೆ ಹುಡುಕಿ ಓಲೆಯ ಕಟ್ಟನ್ನೂ ಹೊತ್ತು ತಂದರು.

ಮೂರು ದಿನ ಮೂವರಿಗೆ ಓದಬೇಕು, ನಾಲ್ಕನೆಯ ದಿನ ತೀರ್ಪು. ಓದುಗರೆಂದರೆ ಮನುಷ್ಯರಲ್ಲ, ಮೃಗಗಳು. ಹಿಂದೊಮ್ಮೆ ಮನುಷ್ಯರಾಗಿದ್ದು, ಕಂಕಾಳಯ್ಯನ ಪುಸ್ತಕಕ್ಕೆ "ಅದ್ಭುತ" ಎನ್ನದೆ ಹೋದವರು. ಪ್ರತಿಯೊಬ್ಬರ ಕೊರಳಿಗೂ ತಾಮ್ರದ ಸರಿಗೆ. ಮನಸ್ಸಿನಲ್ಲಿ ಇಲ್ಲದ್ದನ್ನು ನುಡಿದರೆ ಅದು ಬಿಗಿದು ಕೊಲ್ಲುತ್ತಿತ್ತು. ಒಬ್ಬರನ್ನೊಬ್ಬರು ನೋಡದಂತೆ ಮೂವರನ್ನೂ ಬೇರೆ ಬೇರೆ ಕಡೆ ಇಟ್ಟಿದ್ದ. ಇನ್ನೊಂದು ನಿಯಮವೂ ಇತ್ತು. ಓದುವಾಗ ಓದುಗನಿಗೆ ಮೂರು ಸಲ ಆಕಳಿಕೆ ಬಂದರೆ ಬರೆದವರನ್ನು ಅಲ್ಲೇ ತಿನ್ನಬಹುದು.

ಮೊದಲನೆಯ ದಿನ ಮಾಚಲೆಯನ್ನು ಕರಡಿಯ ಗುಹೆಗೆ ನೂಕಿದರು. ಗುಹೆ ತುಂಬ ಎಲುಬುಗಳು. ಕರಡಿಯ ಹೆಸರು ತಿಪ್ಪರಸ. ಮಾಚಲೆ ಮೊದಲ ಗರಿಯನ್ನು ತಲೆಕೆಳಗಾಗಿ ಹಿಡಿದಿದ್ದಳು. ಹೇಗೋ ಸರಿಮಾಡಿಕೊಂಡು ಓದಿದಳು. ಕೆನ್ನೆ ಸೀಳುವ ಗರಿ ಬಂದಾಗ ಕರಡಿ ಎರಡೂ ಪಂಜದಿಂದ ಕಿವಿ ಮುಚ್ಚಿಕೊಂಡಿತು. ಮೂವತ್ತೊಂಬತ್ತನೆಯ ಗರಿಯ ಹೊತ್ತಿಗೆ ಅದರ ಮೂತಿ ನೀರಾಗಿತ್ತು.

"ಆ ಕೆನ್ನೆ ವಾಸಿ ಮಾಡು ಮಗಳೇ," ಎಂದಿತು ಗದ್ಗದವಾಗಿ. "ಯಾವುದಾದ್ರೂ ಬೇರು ತಂದು ಹಚ್ಚಿಬಿಡು. ನಿನ್ನ ಕೈಲೇ ಇದೆ, ಒಂದು ಸಾಲು ಬರೆದ್ರೆ ಆಯ್ತು. ಅವಳನ್ನ ಹಾಗೇ ಬಿಟ್ರೆ ನಂಗೆ ತಡ್ಕೊಳಕ್ಕಾಗಲ್ಲ."

ಅಂದು ಸಂಜೆ ಸೆರೆಯಲ್ಲಿ ಮಾಚಲೆ ಕೊನೆಯ ಗರಿಯನ್ನು ತೊಡೆಯ ಮೇಲಿಟ್ಟುಕೊಂಡು ಲೇಖನಿ ಹಿಡಿದಳು. ಕೆನ್ನೆ ವಾಸಿಯಾಯಿತು ಎಂದು ಬರೆದರೆ ಒಂದು ಬಾಯಿಯಾದರೂ ತನ್ನ ಕಡೆ. ಬರೆಯಲೇ? ನಾಳೆ ನೋಡೋಣ ಎಂದು ಲೇಖನಿ ಕೆಳಗಿಟ್ಟಳು.

ಎರಡನೆಯ ದಿನ ಕೋಟೆಯ ಕೆರೆಗೆ ಒಯ್ದರು. ನಡು ನೀರಿನಲ್ಲಿ ಒಂದು ಚಪ್ಪಡಿ, ಅದರ ಮೇಲೆ ಅವಳು. ಸುತ್ತ ಹಸಿರು ನೀರು. ನೀರಿನಲ್ಲಿ ಸೋವಿದೇವನೆಂಬ ಮೊಸಳೆ, ಮೊದಲು ಸೈನ್ಯದಲ್ಲಿದ್ದವನು. ಹೊನ್ನಿ ತಾಯಿಯನ್ನು ನೆನೆದು ಅಳುವ ಐದನೆಯ ಗರಿಗೇ ಮೊಸಳೆ ಬಾಯಿ ತೆರೆಯಿತು. ಆಕಳಿಕೆ! ಸಾಲು ಸಾಲು ಹಲ್ಲು ಕಂಡವು. ಹನ್ನೆರಡನೆಯ ಗರಿಗೆ ಎರಡನೆಯ ಆಕಳಿಕೆ. ನೀರು ಚಪ್ಪಡಿಯ ಮೇಲೆ ಬಂದು ಅವಳ ಪಾದ ತೊಯ್ಯಿಸಿತು. ಅವಳು ನಿಲ್ಲಿಸಲಿಲ್ಲ, ನಿಲ್ಲಿಸುವ ಹಾಗೂ ಇರಲಿಲ್ಲ. ಹೊನ್ನಿ ಮೂವರು ಕಾವಲುಗಾರರನ್ನು ಒನಕೆಯಿಂದ ಬಡಿಯುವ ಗರಿ ಬಂತು. ತೆರೆಯಲು ಹೊರಟಿದ್ದ ಬಾಯಿ ತಾನಾಗಿ ಮುಚ್ಚಿಕೊಂಡಿತು.

"ಇದನ್ನ ಮೊದಲೇ ಓದಬಾರದಾಗಿತ್ತೇನೇ ಹುಡುಗಿ!" ಎಂದು ಗದರಿತು ಮೊಸಳೆ. "ಅಳೋದು, ನಿಟ್ಟುಸಿರು ಬಿಡೋದು, ಸಾಕಾಗ್ಹೋಯ್ತು. ಕೊನೇಲಿ ಒಡೆಯನ ತಲೆ ಹಾರಿಸು. ಗಾಯ ವಾಸಿಯಾಯ್ತು ಗೀಯ್ತು ಅಂತ ಬರೆದೀಯ, ನೋಡು ಮತ್ತೆ."

ಆ ಸಂಜೆಯೂ ಗರಿ ಖಾಲಿಯೇ ಉಳಿಯಿತು.

ಮೂರನೆಯ ದಿನದ್ದು ಮಾತ್ರ ಗುಹೆಯೂ ಅಲ್ಲ, ಕೆರೆಯೂ ಅಲ್ಲ. ಗುಡಿಸಿ ಸಾರಿಸಿದ ಒಂದು ಕೋಣೆ. ನಡುವೆ ಚಿರತೆ ಕುಳಿತಿತ್ತು, ಅಲುಗಾಡದೆ. ಅದರ ಹೆಸರು ಚಾಗವ್ವೆ. ಅದರ ಮುಖದ ಎಡಗಡೆ ಕಣ್ಣಿನಿಂದ ದವಡೆಯವರೆಗೆ ರೋಮವಿರಲಿಲ್ಲ, ಉದ್ದಕ್ಕೆ ಗಾಯದ ಗೆರೆ. ಮಾಚಲೆಗೆ ಅದನ್ನು ನೋಡಿದಾಗ ಆದ ಹೆದರಿಕೆ ಎಲುಬಿನ ರಾಶಿ ಕಂಡಾಗಲೂ ಆಗಿರಲಿಲ್ಲ.

ಚಿರತೆ ಅಳಲಿಲ್ಲ, ಆಕಳಿಸಲಿಲ್ಲ, ಕೊನೆಯವರೆಗೂ ಕಣ್ಣು ಮಿಟುಕಿಸಲಿಲ್ಲ. ಓದು ನಿಂತ ಮೇಲೆ ಎದ್ದು ಬಂದು ಅವಳ ಮುಖದ ಹತ್ತಿರ ಮುಖವಿಟ್ಟಿತು. ಬಿಸಿ ಉಸಿರು ತಾಗಿತು.

"ನಿನಗೆ ಎಲ್ಲಿದೆ ಗಾಯ? ತೋರಿಸು."

"ನನಗೆ... ಇಲ್ಲ ಅಕ್ಕಾ."

"ಅದಕ್ಕೇ ಸುಳ್ಳು ಬರೆದೀಯ. ಒಂಬತ್ತನೇ ಗರೀಲಿ ನಿನ್ನ ಹೊನ್ನಿ ನಡೀತಾ ನಡೀತಾ ಹುರಿಗಡಲೆ ತಿಂತಾಳೆ. ಎರಡೂ ಕಡೆ ಅಗಿದು! ಕೆನ್ನೆ ಸೀಳಿದೋರು ಹುರಿಗಡಲೆ ತಿಂತಾರೇನೇ? ಒಂದೇ ಕಡೆ ಅಗೀಬೇಕು. ಗಂಜಿ ಕುಡಿದ್ರೂ ತುಟಿ ಸಂದೀಲಿ ಸೋರ್ತದೆ, ಜನ ನೋಡ್ತಾರೆ. ಚಳಿಗಾಳಿ ಬಿದ್ರೆ ಕಿವಿವರೆಗೂ ಎಳೀತದೆ. ಇದ್ಯಾವುದೂ ಇಲ್ಲ ನಿನ್ನ ಪುಸ್ತಕದಲ್ಲಿ. ಮೂಗುಬೊಟ್ಟು ಇಟ್ಟ ಹಾಗೆ ಗಾಯ ಇಟ್ಟೀಯ."

ಮಾಚಲೆಗೆ ಅಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು. ಹೆದರಿಕೆಗಿಂತ ನಾಚಿಕೆ ಹೆಚ್ಚಾಗಿ, "ನನಗೆ ಗೊತ್ತಿರಲಿಲ್ಲ ಅಕ್ಕಾ," ಎಂದಳು. ಅಷ್ಟೇ ಹೇಳಿದಳು. ನೆಪ ಹೇಳಲಿಲ್ಲ.

ಚಿರತೆ ತನ್ನ ಜಾಗಕ್ಕೆ ಹೋಗಿ ಕುಳಿತಿತು. ಸಿಟ್ಟು ಆಕಳಿಕೆಯಲ್ಲವಲ್ಲ, ತಿನ್ನುವ ಹಾಗಿರಲಿಲ್ಲ.

ಸೆರೆಗೆ ಬಂದು ಮಾಚಲೆ ಗರಿಯ ಮುಂದೆ ಕೂತಳು. ಒಬ್ಬನಿಗೆ ಮದ್ದು ಬೇಕು, ಒಬ್ಬನಿಗೆ ತಲೆ ಬೇಕು, ಒಬ್ಬಳಿಗೆ ನಿಜ ಬೇಕು. ಯಾರಿಗೆಂದು ಬರೆಯುವುದು? ಯಾರಿಗೆ ಬರೆದರೂ ಉಳಿದಿಬ್ಬರು ಬೇರೆ ಮಾತು ಹೇಳುತ್ತಾರೆ, ತಾನು ಕಲ್ಲಾಗುವುದು ತಪ್ಪಿದ್ದಲ್ಲ. ಅವಳು ಬಿಕ್ಕಿ ಬಿಕ್ಕಿ ಅತ್ತಳು. ಒಂದಕ್ಷರವನ್ನೂ ಕೊರೆಯಲಿಲ್ಲ.

ನಾಲ್ಕನೆಯ ದಿನ, ನಡುಮಧ್ಯಾಹ್ನ. ಓದುಮಂಟಪದಲ್ಲಿ ಊರಿಗೆ ಊರೇ ತಲೆ ತಗ್ಗಿಸಿ ನಿಂತಿತ್ತು. ತೀರ್ಪಿನ ದಿನವಾದ್ದರಿಂದ ಮೂರು ಮೃಗಗಳನ್ನೂ ಎದುರುಬದುರು ತಂದು ಕಂಬಗಳಿಗೆ ಕಟ್ಟಿದ್ದರು. ಕಂಕಾಳಯ್ಯ ಎತ್ತರದ ಪೀಠದ ಮೇಲೆ ವೀಳ್ಯ ಮೆಲ್ಲುತ್ತ ಕುಳಿತಿದ್ದ.

"ಹೇಳಿ, ಪುಸ್ತಕ ಹೇಗಿದೆ?"

"ಅಯ್ಯೋ," ಎಂದಿತು ಕರಡಿ.

"ಸಪ್ಪೆ," ಎಂದಿತು ಮೊಸಳೆ.

"ಸುಳ್ಳು," ಎಂದಿತು ಚಿರತೆ.

"ಸಪ್ಪೆಯಂತೆ! ಎದೆ ಅನ್ನೋದು ಇದೆಯೇನಯ್ಯಾ ನಿನಗೆ?" ಎಂದು ಕರಡಿ ಮೊಸಳೆಯ ಮೇಲೆ ಹರಿಹಾಯ್ದಿತು. "ನೀನು ಸುಮ್ಮನಿರಯ್ಯಾ ಅಳುಬುರುಕ," ಎಂದಿತು ಮೊಸಳೆ. ಕಂಕಾಳಯ್ಯನಿಗೆ ಖುಷಿಯೋ ಖುಷಿ. ನಗುತ್ತಲೇ ಚಿಟಿಕೆ ಹೊಡೆದ.

ಮಾಚಲೆಯ ಕಾಲ್ಬೆರಳು ತಣ್ಣಗಾದವು. ಕೆಳಗೆ ನೋಡಿದಳು. ಪಾದ ಬೂದು ಬಣ್ಣಕ್ಕೆ ತಿರುಗಿತ್ತು. ತಣ್ಣಗಿನದು ಮೊಣಕಾಲಿಗೆ ಏರಿತು. ಅವಳು ಕಿರುಚಿದಳು. ಜನ ಇನ್ನಷ್ಟು ತಲೆ ತಗ್ಗಿಸಿದರು.

"ಕೊನೇ ಗರಿ ಉಳಿದಿದೆ!" ಎಂದು ಕೂಗಿದಳು. "ಅಷ್ಟು ಹೇಳಿ ಮುಗಿಸ್ತೀನಿ!"

"ಹೇಳು, ಹೇಳು. ಯಾರು ಬೇಡ ಅಂದರು?" ಎಂದ ಕಂಕಾಳಯ್ಯ, ಇನ್ನೊಂದು ಎಲೆಗೆ ಸುಣ್ಣ ಹಚ್ಚುತ್ತ.

ಗರಿ ಖಾಲಿಯಿತ್ತು. ಅವಳಿಗೆ ಅದು ಬೇಕಾಗಲೂ ಇಲ್ಲ. ಕಲ್ಲು ಸೊಂಟಕ್ಕೆ ಬರುವಷ್ಟರಲ್ಲಿ ಬಾಯಿಗೆ ಬಂದ ಹಾಗೆ ಹೇಳತೊಡಗಿದಳು. ಯಾರಿಗೆ ಇಷ್ಟವಾದೀತು ಎಂದು ಯೋಚಿಸಲು ಹೊತ್ತೇ ಇರಲಿಲ್ಲ.

"ಹೊನ್ನಿ ಕೋಟೆ ಬಾಗಿಲು ತಟ್ಟಿದಳು. ಯಾರೂ ತೆರೀಲಿಲ್ಲ. ತಾನೇ ದೂಡಿದಳು. ಒಳಗೆ ಒಡೆಯ ಒಬ್ಬನೇ ಕೂತಿದ್ದ, ಮುದುಕ ಆಗಿದ್ದ. ತಲೆ ಎತ್ತಿ ನೋಡಿ, 'ಯಾರಮ್ಮ ನೀನು? ನೆನಪಾಗ್ತಿಲ್ಲ' ಅಂದ. ಹೊನ್ನಿ ಮುಖದ ಮೇಲಿದ್ದ ಸೆರಗು ತೆಗೆದಳು. ಸೊಂಟಕ್ಕೆ ಕೈ ಹಾಕಿದಳು. ಅಲ್ಲಿ..."

ಕಲ್ಲು ಗಂಟಲಿಗೆ ಬಂತು. ಮಾತು ನಿಂತಿತು. ಮಾಚಲೆಯ ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ. ಕಣ್ಣಲ್ಲಿ ಮಾತ್ರ ಇನ್ನೂ ನೀರಿತ್ತು.



"ಆಮೇಲೆ?" ಎಂದಿತು ಕರಡಿ, ಸರಪಳಿ ಜಗ್ಗುತ್ತ.

"ಆಮೇಲೆ?" ಎಂದು ಗುಡುಗಿತು ಮೊಸಳೆ.

ಚಿರತೆ ಮಾತಾಡಲಿಲ್ಲ. ಕಲ್ಲು ಮಾಚಲೆಯ ಗಲ್ಲಕ್ಕೆ ಏರಿತು. ಕಂಕಾಳಯ್ಯನ ಕೈಯಿಂದ ವೀಳ್ಯದೆಲೆ ಜಾರಿತು. "ಏ ಚಾಗವ್ವೆ, ಬಾಯಿ ಮುಚ್ಚು!" ಎಂದು ಅವನು ಎದ್ದು ನಿಂತ.

ಚಿರತೆ ಅವನ ಕಡೆ ನೋಡಲೂ ಇಲ್ಲ. ಮಾಚಲೆಯನ್ನೇ ನೋಡುತ್ತ, ಮೆಲ್ಲಗೆ, ಕೇಳಲು ಮನಸ್ಸಿಲ್ಲದವಳ ಹಾಗೆ ಕೇಳಿತು. "ಆಮೇಲೆ?"

ಮೂರು ಬಾಯಿ, ಒಂದೇ ಮಾತು. ಮನಸ್ಸಿನಲ್ಲಿ ಇದ್ದದ್ದೇ ಬಾಯಲ್ಲಿ ಬಂದದ್ದರಿಂದ ಒಂದು ಸರಿಗೆಯೂ ಬಿಗಿಯಲಿಲ್ಲ. ಆ ಮಾತು ಇಂಥದ್ದೇ ಆಗಿರಬೇಕೆಂದು ಕಂಕಾಳಯ್ಯ ಕಟ್ಟಳೆಯಲ್ಲಿ ಹೇಳಿರಲಿಲ್ಲ. ಹೊಗಳಿಕೆ ಬಿಟ್ಟರೆ ಓದುಗರ ಬಾಯಲ್ಲಿ ಬೇರೆ ಏನನ್ನೂ ಕೇಳಲು ಕಲಿತವನಲ್ಲ ಪಾಪ.

ಅವನ ಪಾದ ಬೂದಾಯಿತು. "ಇಲ್ಲ, ಇಲ್ಲ! ಅದು ತೀರ್ಪಲ್ಲ!" ಎಂದು ಅರಚಿದ. ದೀಪದ ಮೇಲಿಟ್ಟ ಆಣೆ ಕಿವಿಗೊಡಲಿಲ್ಲ. ಅರಚುತ್ತಿದ್ದ ಬಾಯಿ ಹಾಗೇ ಕಲ್ಲಾಯಿತು. ಮಾಚಲೆಯ ಮೈಯಿಂದ ತಣ್ಣಗಿನದು ಇಳಿದುಹೋಯಿತು. ತಾಮ್ರದ ಸರಿಗೆಗಳು ಕಳಚಿಬಿದ್ದವು; ಕರಡಿ ಇದ್ದಲ್ಲಿ ಬೊಜ್ಜಿನ ಮುದುಕನೊಬ್ಬ, ಮೊಸಳೆ ಇದ್ದಲ್ಲಿ ಮೀಸೆಯ ಆಳು, ಚಿರತೆ ಇದ್ದಲ್ಲಿ ನಡುವಯಸ್ಸಿನ ಹೆಂಗಸು ನಿಂತರು. ಹೆಂಗಸಿನ ಮುಖದ ಗಾಯ ಹಾಗೇ ಇತ್ತು, ಅದು ಮಾಟದ್ದಲ್ಲ. ಅಂಗಳದ ಕಲ್ಲಿನವರೆಲ್ಲ ಉಸಿರೆಳೆದುಕೊಂಡರು. ಕೈ ಎತ್ತಿದ್ದವನು ನಲವತ್ತು ವರ್ಷದ ಹಿಂದೆ ನಿಲ್ಲಿಸಿದ್ದ ವಿವರಣೆಯನ್ನು ಮುಂದುವರಿಸಿಯೇಬಿಟ್ಟ.

ಅದನ್ನು ಕೇಳುವವರು ಯಾರು? ಎಲ್ಲರೂ ಮಾಚಲೆಯನ್ನು ಮುತ್ತಿದ್ದರು. ಆಮೇಲೆ, ಆಮೇಲೆ?

"ಸೊಂಟದಿಂದ ಒಂದು ಕನ್ನಡಿ ತೆಗೆದಳು," ಎಂದಳು ಮಾಚಲೆ. "ಅದನ್ನ ಅವನ ಮುಂದಿಟ್ಟು, ಎದುರಿಗೆ ತಾನೂ ಕೂತಳು. 'ನೆನಪಾಗೋವರೆಗೂ ಕೂತಿರ್ತೀನಿ' ಅಂದಳು. ಹೊರಗೆ ಚಳಿಗಾಳಿ ಇತ್ತು, ಕೆನ್ನೆ ಕಿವಿವರೆಗೂ ಎಳೀತಿತ್ತು. ಎದ್ದು ಹೋಗಿ ಬಾಗಿಲು ಹಾಕ್ಕೊಂಡು ಬಂದು ಮತ್ತೆ ಕೂತಳು. ಅಷ್ಟೇ ಕತೆ."

"ಅಯ್ಯೋ, ಅವಳಿಗೆ ಊಟ?" ಎಂದು ತಿಪ್ಪರಸ ಅತ್ತ. "ತಲೆ ಹಾರಿಸಲೇ ಇಲ್ಲವಲ್ಲೇ!" ಎಂದು ಸೋವಿದೇವ ನೆಲಕ್ಕೆ ಕಾಲು ಒದ್ದ. ಕನ್ನಡಿ ಯಾಕೆ, ಕತ್ತಿ ಯಾಕಲ್ಲ, ಒಡೆಯನಿಗೆ ನೆನಪಾಯಿತೋ ಇಲ್ಲವೋ ಎಂದು ಜನ ಗುಂಪು ಗುಂಪಾಗಿ ಜಗಳಕ್ಕೆ ನಿಂತರು. ತಲೆ ಎತ್ತಿ, ದನಿ ಎತ್ತಿ, ಅಷ್ಟು ವರ್ಷದ ಬಾಕಿಯನ್ನೆಲ್ಲ ಸೇರಿಸಿ ಜಗಳವಾಡಿದರು. ಆ ರಾಜ್ಯದ ಹೆಸರನ್ನೂ ಆಮೇಲೆ ಬದಲಾಯಿಸಬೇಕಾಯಿತಂತೆ, ಹೊಸ ಹೆಸರು ಏನಿರಬೇಕೆಂದು ಒಮ್ಮತವಾಗದೆ ಹಾಗೇ ಉಳಿಯಿತಂತೆ. ಯಾರೂ ಯಾರಿಗೂ ಹೆದರದೆ, ಉಂಡುಟ್ಟು, ಓದಿ, ಬೈದಾಡಿಕೊಂಡು ಎಲ್ಲರೂ ಸುಖವಾಗಿದ್ದರು.

ಆ ದಿನ ಮಾತ್ರ, ಜಗಳದ ನಡುವೆ, ಚಾಗವ್ವೆ ಹತ್ತಿರ ಬಂದು ನಿಂತಳು. ಕೊನೆ ಚೆನ್ನಾಗಿತ್ತು ಎಂದಾಳೆಂದು ಮಾಚಲೆ ಕಾದಳು. ಚಾಗವ್ವೆ ಹಾಗೇನೂ ಹೇಳಲಿಲ್ಲ. ಸೆರಗಿನ ತುದಿಗೆ ಕೈ ಒರೆಸಿಕೊಂಡು ಓಲೆಯ ಕಟ್ಟನ್ನು ಮುಟ್ಟಿದಳು.

"ಇದನ್ನ ಎರಡು ದಿನ ಮನೆಗೆ ತಗೊಂಡು ಹೋಗ್ಲಾ ತಂಗಿ?"